ಊಟದ ಮನೆಯ ಗೋಡೆ

ನಮ್ಮೂರಿನ ಹೊಸ ಬಡಾವಣೆ ಹುಟ್ಟಿ ನೂರು ವರ್ಷ ದಾಟಿತು. ಆದರೂ ಅದನ್ನು ಹಳೆಯದು ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕೋಟೆಯೊಳಗೆ ಪ್ಲೇಗು ಕಾಣಿಸಿಕೊಂಡಾಗ ಜನ ಗಂಟುಮೂಟೆ ಕಟ್ಟಿಕೊಂಡು ಊರಾಚೆ ಬಂದು ಸಾಲಾಗಿ ಕೆಂಪು ಇಟ್ಟಿಗೆಯ ಮನೆಗಳನ್ನು ಕಟ್ಟಿಕೊಂಡರಂತೆ. ನೀರು ಸರಬರಾಜಿನ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದ ನಮ್ಮ ತಾತ ಸಾಲಿನ ಕೊನೆಯ ಸೈಟು ಹಿಡಿದರು. ಎದುರಿಗೆ ಮೂರು ಕಮಾನಿನ ಜಗಲಿ, ಕಿಟಕಿಗಳ ನೆತ್ತಿಗೆ ಹಸಿರು ನೀಲಿ ಗಾಜು, ಒಳಗೆ ಮುಖ ಕಾಣುವಂಥ ಕೆಂಪು ಗಾರೆಯ ನೆಲ, ಮೇಲೆ ಮದ್ರಾಸ್ ತಾರಸಿ. ಗೋಡೆಗೆ ಮಾತ್ರ ಒಳಗಾಗಲಿ ಹೊರಗಾಗಲಿ ಗಿಲಾವು ಬಳಿಸಲಿಲ್ಲ. ಇಷ್ಟು ಚೆಂದದ ಇಟ್ಟಿಗೆಯನ್ನು ಮುಚ್ಚುವುದಾದರೆ ಕೊಂಡದ್ದಾದರೂ ಏಕೆ ಎಂದು ತಾತ ಮೇಸ್ತ್ರಿಯನ್ನು ಕೇಳಿದ್ದರಂತೆ. ಆ ಸಾಲಿನಲ್ಲಿ ಎಲ್ಲರೂ ಹಾಗೇ ಮಾಡಿದರು. ಏನಾಗುತ್ತದೆ ಎಂದು ಅವರಿಗೆ ಆಗ ಗೊತ್ತಿರಲಿಲ್ಲ.

ಆ ಮನೆಗಳ ಗೋಡೆಗೆ ಒರಗಿ ಕೂತವರ ಹಂಬಲ, ಅರಿಶಿನ ಬಟ್ಟೆಗೆ ಹತ್ತುವ ಹಾಗೆ, ಇಟ್ಟಿಗೆಗೆ ಹತ್ತುತ್ತಿತ್ತು. ಕೂತವರು ದಿನದಿನಕ್ಕೆ ಹಗುರಾಗುತ್ತಿದ್ದರು. ಹೊರಗಿನವರು ಯಾರಾದರೂ ಬಂದು ಅದೇ ಜಾಗದಲ್ಲಿ ಒರಗಿದರೆ ಸ್ವಲ್ಪ ಹೊತ್ತಿನ ಮಟ್ಟಿಗೆ ಅವರಿಗೆ ಅದು ಅಂಟುತ್ತಿತ್ತು. ಮನೆಯವರಿಗೆ ಮಾತ್ರ ಎಷ್ಟು ಒರಗಿದರೂ ಅಂಟುತ್ತಿರಲಿಲ್ಲ. ಇದನ್ನು ನಮ್ಮೂರಿನವರು ಕಷ್ಟ ಎಂದೂ ತಿಳಿಯಲಿಲ್ಲ, ಸುಖ ಎಂದೂ ತಿಳಿಯಲಿಲ್ಲ, ಹೇಗೋ ಹೊಂದಿಕೊಂಡರು. ಹೆಣ್ಣು ನೋಡಲು ಬಂದವರಿಗೆ ಕೋಣೆಯ ನಡುವೆ ಚಾಪೆ ಹಾಸುವುದು ವಾಡಿಕೆಯಾಯಿತು. ವರ ಗೋಡೆಗೆ ಒರಗಿ ಬೇರೆ ಯಾರನ್ನೋ ಹಂಬಲಿಸಿಕೊಂಡು ಎದ್ದು ಹೋದ ಉದಾಹರಣೆ ಇತ್ತು. ಬಾಡಿಗೆಗೆ ಬರುವವರು ನಲ್ಲಿ ತಿರುಗಿಸಿ ನೋಡುವ ಮೊದಲು ಗೋಡೆಗೆ ಒರಗಿ ನೋಡುತ್ತಿದ್ದರು. ವಕೀಲರ ಮನೆಯ ಜಗಲಿಯಲ್ಲಿ ಕರೆಂಟಿನ ಮೀಟರು ಓದಲು ಬರುವವನು ಅರ್ಧ ದಿನ ಕಳೆಯುತ್ತಿದ್ದ. ಅಲ್ಲಿ ಒರಗಿದರೆ ಕಂಡು ಕೇಳರಿಯದ ಒಂದು ಸಮುದ್ರ ಬೇಕು ಅನಿಸುತ್ತಿತ್ತಂತೆ.

ನಮ್ಮ ಮನೆಯಲ್ಲಿ ಹೆಸರಾದದ್ದು ಊಟದ ಮನೆಯ ಗೋಡೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಜ್ಜಿ ಅದಕ್ಕೆ ಒರಗಿ ಕೂತು ತನ್ನ ತವರಿನ ಮೆಟ್ಟಿಲುಬಾವಿಯನ್ನೂ ಅದರ ಮೇಲೆ ಬಾಗಿದ್ದ ಸೀಬೆಮರವನ್ನೂ ನೆನೆದುಕೊಂಡು ಅತ್ತಿದ್ದರು. ಆಮೇಲೆ ಜೀವಮಾನವಿಡೀ ತವರಿನ ಹೆಸರೆತ್ತಲಿಲ್ಲ. ಆದರೆ ನಮ್ಮಲ್ಲಿಗೆ ಊಟಕ್ಕೆ ಬಂದ ನೆಂಟರು ಹುಳಿಯನ್ನ ಮುಗಿಸಿ ಮಜ್ಜಿಗೆಗೆ ಬರುವ ಹೊತ್ತಿಗೆ ಸೀಬೆಹಣ್ಣು ಕೇಳುತ್ತಿದ್ದರು. ಇಲ್ಲ ಅಂದರೆ ಕಣ್ಣಲ್ಲಿ ನೀರು. ದೂರದ ಸಂಬಂಧದ ಮಾವ ಒಬ್ಬರಂತೂ ಎಲೆ ಮುಂದೆ ಕೂತೇ, ಬಾವಿ ಯಾವ ಕಡೆ, ಒಂದು ಸಲ ಇಳಿದು ಬರುತ್ತೇನೆ ಎಂದು ಹಟ ಹಿಡಿದಿದ್ದರು. ನಾನೂ ಅಣ್ಣನೂ ಅವರ ಬೆನ್ನ ಹಿಂದೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದೆವು. ಆ ಬಾವಿಯನ್ನು ಎಲ್ಲರೂ ಹಂಬಲಿಸಿದರು, ನಮ್ಮಿಬ್ಬರಿಗೆ ಮಾತ್ರ ಅದು ಹೇಗಿತ್ತು ಎಂದು ಗೊತ್ತಾಗಲಿಲ್ಲ.

ನಮ್ಮ ಸಾಲಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಸಾವಾದ ಮನೆಯಲ್ಲಿ, ಹೋದವರಿಗೆ ಯಾರು ಎಲ್ಲರಿಗಿಂತ ಹತ್ತಿರವೋ ಅವರನ್ನು ಗೋಡೆಗೆ ಕೂರಿಸುವುದು. ವೈಕುಂಠ ಸಮಾರಾಧನೆ ಮುಗಿಯುವವರೆಗೆ ಕೂತರೆ ಸಾಕು, ಎದ್ದು ಒಲೆ ಹಚ್ಚುವಷ್ಟು ಹಗುರಾಗುತ್ತಿದ್ದರು. ನಮ್ಮಣ್ಣ ಮುಕುಂದ ನಲವತ್ತರ ಆಸುಪಾಸಿನಲ್ಲಿ, ಒಂದು ವಾರದ ಜ್ವರಕ್ಕೆ ಹೋಗಿಬಿಟ್ಟಾಗ, ಅತ್ತಿಗೆ ಕುಮುದಿನಿಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಊಟದ ಮನೆಯ ಗೋಡೆಗೆ ಕೂರಿಸಿದವಳು ನಾನೇ. ಮನೆಯಲ್ಲಿ ಅದೇ ಒಳ್ಳೆಯ ಗೋಡೆ, ಬಿಸಿಲು ಗಾಳಿ ಎರಡೂ ಬರುತ್ತವೆ ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಬೇರೆಯವರು ದಿನಗಳಲ್ಲಿ ಏಳುತ್ತಿದ್ದರು. ಅತ್ತಿಗೆ ತಿಂಗಳುಗಟ್ಟಲೆ ಕೂತಳು. ತಟ್ಟೆಯನ್ನು ಅಲ್ಲಿಗೇ ತಂದುಕೊಡುತ್ತಿದ್ದೆ. ಒಂದು ಬೆಳಗ್ಗೆ ಅವಳಾಗಿಯೇ ಎದ್ದು ಸೆರಗು ಸಿಕ್ಕಿಸಿಕೊಂಡು ಬಚ್ಚಲೊಲೆಗೆ ಬೆಂಕಿ ಹಾಕಿದಾಗ ನನಗೆ ಹೋದ ಜೀವ ಬಂದಂತಾಯಿತು.

ಆದರೆ ಎದ್ದವಳು ಪೂರ್ತಿ ಹಗುರಾಗಿಬಿಟ್ಟಿದ್ದಳು. ಅಣ್ಣನ ವಿಷಯವನ್ನು ಎದುರು ಮನೆಯವರ ವಿಷಯದ ಹಾಗೆ ಆಡುವಳು. ಫೋಟೋದ ಗಾಜನ್ನು ಒರೆಸುವಳು, ಯಾರ ಫೋಟೋ ಅಂದರೆ ಹೆಸರು ಹೇಳುವಳು, ಅಷ್ಟೇ. ಮೊದಲ ವರ್ಷದ ತಿಥಿಯ ದಿನ ನಾನು ಹಿತ್ತಲಲ್ಲಿ ಕೂತು ಅಳುತ್ತಿದ್ದರೆ ಬಂದು, ಕೋಸಂಬರಿಗೆ ಉಪ್ಪು ಸಾಕಾ ನೋಡು ಅಂದಳು. ಮನಸ್ಸಿಗೆ ಚುರುಕ್ಕೆಂದಿತು. ನಾನು ಗೋಡೆಗೆ ಕೂತಿರಲಿಲ್ಲ. ಅಡುಗೆ, ನೆಂಟರು, ಅಂಚೆ ಕಚೇರಿಯ ಕೆಲಸ ಎಂದು ಓಡಾಟದಲ್ಲೇ ಇದ್ದೆ, ಆಮೇಲೆ ಕೂರಲು ಮನಸ್ಸಾಗಲಿಲ್ಲ. ಹಾಗಾಗಿ ಆ ಮನೆಯಲ್ಲಿ ಅಣ್ಣನನ್ನು ನೆನೆದುಕೊಂಡು ಸಂಕಟಪಡುವವಳು ನಾನೊಬ್ಬಳೇ ಉಳಿದೆ. ಮದುವೆಯ ಗೊಡವೆಗೆ ಹೋಗದ ನನಗೆ ಆ ಮನೆಯೂ ಅತ್ತಿಗೆಯೂ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಜಗಳವಾಡದೆ, ಹಬ್ಬ ಹರಿದಿನ ತಪ್ಪಿಸದೆ, ತಲೆ ಬೆಳ್ಳಗಾಗುವವರೆಗೆ ಬದುಕಿದೆವು. ಅವಳು ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು, ಹಾಡು ಗುನುಗುತ್ತಿದ್ದಳು, ಮೈ ಕೈ ತುಂಬಿಕೊಂಡಿದ್ದಳು. ಊಟದ ಮನೆಗೆ ಒಂದು ಮೇಜು ತಂದು ನಡುವೆ ಹಾಕಿದೆವು. ಗೋಡೆಗೆ ಒರಗುವವರೇ ಇಲ್ಲವಾದರು.

ಹೀಗಿರುವಾಗ ರಸ್ತೆ ಅಗಲ ಮಾಡುವ ಕೆಲಸ ಬಂತು. ನಮ್ಮ ಸಾಲಿನ ಮನೆಗಳೆಲ್ಲ ಹೋಗಬೇಕು. ಪರಂಪರೆಯ ಮನೆ ಎಂದು ಗುರುತಾದದ್ದು ಮಾತ್ರ ಉಳಿಯುತ್ತದೆ, ರಸ್ತೆ ಅದನ್ನು ಬಳಸಿಕೊಂಡು ಹೋಗುತ್ತದೆ. ಬೇರೆ ಊರುಗಳಲ್ಲಿ ಇದಕ್ಕೆ ಕಮಾನು, ಕಂಬ, ಕೆತ್ತನೆ ನೋಡುತ್ತಾರಂತೆ. ನಮ್ಮಲ್ಲಿ ಒರಗಿ ನೋಡುತ್ತಾರೆ. ಮನೆಗೆ ಸಂಬಂಧವಿಲ್ಲದ ಮೂವರು, ಬರಿ ಹೊಟ್ಟೆಯಲ್ಲಿ, ಒಬ್ಬೊಬ್ಬರಾಗಿ ಒಂದೇ ಗೋಡೆಗೆ ಒರಗಬೇಕು. ಮೂವರಿಗೂ ಒಂದೇ ಹಂಬಲ ಬಂದರೆ ಮನೆ ಪಾಸು. ಆದರೆ ಅದು ತೀರಿಹೋದವರ ಹಂಬಲವೇ ಆಗಿರಬೇಕು. ಬದುಕಿರುವವರದಾದರೆ ಪರಂಪರೆಯಲ್ಲ, ಅವರ ಸ್ವಂತದ್ದು. ಅವರೇ ತೆಗೆದುಕೊಂಡು ಹೋಗಲಿ ಅನ್ನುವುದು ನಿಯಮ. ಹಂಬಲ ಯಾರದು ಎಂದು ಮನೆಗೆ ಹಿರಿಯರಾದವರನ್ನು ಕೇಳುತ್ತಾರೆ. ಅವರು ಹೇಳಿದ್ದೇ ಕೊನೆ.

ತೆಗೆದುಕೊಂಡು ಹೋಗುವುದೆಂದರೆ ಏನೆಂದು ನಾವೆಲ್ಲ ನೋಡಿದ್ದೆವು. ಗೋಡೆ ಬಿದ್ದರೆ ಅದರಲ್ಲಿದ್ದದ್ದು ಯಾರದೋ ಅವರಿಗೇ ತಿರುಗಿ ಬರುತ್ತದೆ, ಮೊದಲ ದಿನ ಎಷ್ಟಿತ್ತೋ ಅಷ್ಟೂ. ಮೂಲೆಮನೆ ಬಿದ್ದ ದಿನ, ಎಂಬತ್ತು ದಾಟಿದ ನಿವೃತ್ತ ಪೋಸ್ಟ್‌ಮಾಸ್ಟರು, ನಮ್ಮ ಕಚೇರಿಯಲ್ಲೇ ಇದ್ದವರು, ಬೀದಿಯಲ್ಲಿ ನಿಂತು ಅಮ್ಮನನ್ನು ಕೂಗಿದ್ದರು. ಪಡೆದುಕೊಳ್ಳಬೇಕಾದವರೇ ತೀರಿಹೋಗಿದ್ದರೆ ಆ ಹಂಬಲ ಮಾತ್ರ ಧೂಳಿನ ಜೊತೆ ಎದ್ದು, ದಾರಿಹೋಕರಿಗೆ ಅಂಟಿ, ಸಂಜೆಯ ಹೊತ್ತಿಗೆ ಕರಗಿಹೋಗುತ್ತದೆ.

ನನಗೆ ಯಾವ ಅಳುಕೂ ಇರಲಿಲ್ಲ. ಅಜ್ಜಿಯ ಬಾವಿ ಅಷ್ಟು ಹೆಸರುವಾಸಿ. ನಮ್ಮ ಮನೆಯಷ್ಟು ಗಟ್ಟಿಯಾದ ಮನೆ ಸಾಲಿನಲ್ಲೇ ಇಲ್ಲ. ಆ ಮನೆಯ ಮೇಲೆ ನನಗಿದ್ದ ಆಸೆಯನ್ನು ಹೇಳಿದರೆ ನಗುತ್ತೀರಿ; ಸಂಜೆ ನೀಲಿ ಗಾಜಿನ ಬಿಸಿಲು ಗಾರೆನೆಲದ ಮೇಲೆ ಬಿದ್ದಾಗ ಅದನ್ನು ದಾಟಲು ಮನಸ್ಸಾಗದೆ ಬಳಸಿಕೊಂಡು ಹೋಗುತ್ತಿದ್ದವಳು ನಾನು. ಒರಗಿ ನೋಡುವವರು ಬರುವ ಹಿಂದಿನ ದಿನ ಮೇಜನ್ನು ಪಕ್ಕಕ್ಕೆ ಸರಿಸಿ ಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಯಾರದು ಎಂದು ಕೇಳಿದರೆ ನಮ್ಮ ಅತ್ತೆಯವರ ಅತ್ತೆಯದು ಅನ್ನಿ, ಹೆಚ್ಚು ಮಾತಾಡಬೇಡಿ ಎಂದು ಅತ್ತಿಗೆಗೆ ಪಾಠ ಹೇಳಿಕೊಟ್ಟೆ. ಅದೇ ಗೋಡೆಗೆ ಅವಳು ತಿಂಗಳುಗಟ್ಟಲೆ ಕೂತಿದ್ದಳು ಅನ್ನುವುದು, ಕೂರಿಸಿದ ನನಗೇ ಹೊಳೆಯಲಿಲ್ಲ ನೋಡಿ.

ಪರಂಪರೆಯ ಮನೆ ಗುರುತಿಸುವ ಸಮಿತಿಯ ಪದ್ಮರಾಜಯ್ಯನವರು ಮೂವರನ್ನು ಕರೆದುಕೊಂಡು ಬೆಳಗ್ಗೆಯೇ ಬಂದರು. ಮನೆ ಅವರಿಗೆ ಹಿಡಿಸಿತ್ತು. ಕಮಾನಿನ ಇಟ್ಟಿಗೆಯ ಮೇಲೆ ಕೈಯಾಡಿಸುತ್ತಾ, ಇಂಥದ್ದು ಇನ್ನು ಯಾರು ಕಟ್ಟುತ್ತಾರೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒರಗುವವರು ಡ್ರಾಯಿಂಗ್ ಮೇಷ್ಟರಾಗಿದ್ದ ಹಯಾತ್ ಸಾಹೇಬರು, ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದ ಲಿಲ್ಲಿಬಾಯಿ, ಮತ್ತೊಬ್ಬ ಬ್ಯಾಂಕಿನ ಗುಮಾಸ್ತ. ಒಬ್ಬರು ಒಳಗಿದ್ದಾಗ ಉಳಿದವರು ಜಗಲಿಯ ಮೇಲೆ. ಮೊದಲು ಒಳಗೆ ಹೋದ ಹಯಾತ್ ಸಾಹೇಬರು ಹೊರಗೆ ಬಂದಾಗ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ನಾನು ಒಳಗೊಳಗೇ ಹಿಗ್ಗಿದೆ. ಬುಟ್ಟಿಯಲ್ಲಿ ಸೀಬೆಹಣ್ಣು ತರಿಸಿಟ್ಟಿದ್ದೆ, ಎಲ್ಲ ಮುಗಿದ ಮೇಲೆ ಕೊಟ್ಟು ಸಮಾಧಾನ ಮಾಡಿದರಾಯಿತು ಎಂದು.

ಮೂವರೂ ಬೇರೆಬೇರೆಯಾಗಿ ಪದ್ಮರಾಜಯ್ಯನವರ ಕಿವಿಯಲ್ಲಿ ಹೇಳಿದ್ದಾಯಿತು. ಮೂವರದೂ ಒಂದೇ ಎಂದು ಅವರು ತಲೆದೂಗಿದರು. ನಂತರ ಎಲ್ಲರನ್ನೂ ಕೂರಿಸಿ, ನಿಯಮದಂತೆ ಮನೆಯವರ ಮುಂದೆ ಹೇಳಿ ಎಂದು ಲಿಲ್ಲಿಬಾಯಿಯವರಿಗೆ ಸನ್ನೆ ಮಾಡಿದರು. ಲಿಲ್ಲಿಬಾಯಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಒಬ್ರು ಗಂಡಸು ಕಣಮ್ಮ. ಸಾಯಂಕಾಲ ಸೈಕಲ್ ಮೇಲೆ ಬರ್ತಾರೆ. ಗೇಟು ತೆಗ್ದೇ ಇರುತ್ತೆ, ಆದ್ರೂ ಒಳಗ್ ಬರಲ್ಲ. ಅಲ್ಲೇ ನಿಂತ್ಕೊಂಡು ಬೆಲ್ ಹೊಡೀತಾರೆ. ಒಳಗಿಂದ ಯಾರೋ ಜಗಲಿಗೆ ಬರಬೇಕು. ಬಂದ್ರೆ, ತಾನು ಹೊಡೆದೇ ಇಲ್ಲ ಅನ್ನೋ ಹಾಗೆ ಆಕಾಶ ನೋಡ್ತಾ ನಿಂತ್ಕೊಳ್ತಾರೆ. ಆ ಬೆಲ್ ಒಂದ್ಸಲ ಕೇಳಿಸ್ಬಿಟ್ರೆ ಸಾಕು ಅನ್ಸುತ್ತೆ ನೋಡಿ.”

ಬಾವಿಯಿಲ್ಲ, ಸೀಬೆಮರವಿಲ್ಲ. ಅಣ್ಣ ಆಕಾಶ ನೋಡುತ್ತಾ ನಿಲ್ಲುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೂರು ಸಲ ಕಂಡು ಅಣಕಿಸಿದ್ದೆ. ಅಜ್ಜಿಯ ಬಾವಿಯ ಮೇಲೆ ಅತ್ತಿಗೆಯ ಹಂಬಲ ಪೂರ್ತಿ ಕೂತುಬಿಟ್ಟಿತ್ತು. ಹಯಾತ್ ಸಾಹೇಬರೂ ಗುಮಾಸ್ತನೂ ಹೌದು ಹೌದು ಎಂದರು. ಬಾಳೆಹಣ್ಣನ್ನು ಮುರಿದು ದೊಡ್ಡ ತುಂಡನ್ನು ಕೊಟ್ಟು, ಚಿಕ್ಕದೇ ನನಗೆ ದೊಡ್ಡದು ಅನ್ನುತ್ತಿದ್ದರು ಎಂದು ಗುಮಾಸ್ತ ನಾಚುತ್ತಲೇ ಸೇರಿಸಿದ. ಅತ್ತಿಗೆ ಮುಂದಕ್ಕೆ ಬಾಗಿ ಬಾಯಿ ಕೊಂಚ ತೆರೆದು ಕೇಳುತ್ತಿದ್ದಳು. ಆಮೇಲೇನು ಮಾಡುತ್ತಿದ್ದರು, ಸೈಕಲ್ಲು ಎಲ್ಲಿ ನಿಲ್ಲಿಸುತ್ತಿದ್ದರು ಎಂದು ಲಿಲ್ಲಿಬಾಯಿಯವರನ್ನೇ ಕೇಳಿದಳು. ಅವರು ಹೇಳಿದಷ್ಟೂ ಅವಳಿಗೆ ಸಾಲದು.

ಪದ್ಮರಾಜಯ್ಯನವರು ಪೆನ್ನಿನ ಮುಚ್ಚಳ ತೆಗೆದರು. ಅವರಿಗೂ ಮನೆ ಉಳಿಯಬೇಕಿತ್ತು ಎಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ಈ ಬಡಾವಣೆಗೆ ಮೊದಲ ಸೈಕಲ್ಲು ತಂದವರು ನಿಮ್ಮ ತಾತನವರೇ ಎಂದು ಕೇಳಿದ್ದೇನೆ, ಕಾದು ಕೂರುತ್ತಿದ್ದವರು ನಿಮ್ಮಜ್ಜಿ ಇರಬೇಕು ಎಂದು ದಾರಿ ಮಾಡಿಕೊಟ್ಟು, ಅತ್ತಿಗೆಯ ಕಡೆ ತಿರುಗಿ, ಈ ಹಂಬಲ ಯಾರದಮ್ಮ ಎಂದು ಕೇಳಿದರು. ತಾತನಿಗೆ ಸೈಕಲ್ಲು ಇದ್ದದ್ದು ನಿಜವೇ. ಅತ್ತಿಗೆ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅತ್ತಿಗೆ ನನ್ನ ಕಡೆ ನೋಡಿದಳು.

“ವತ್ಸಲ, ಇದು ನಿಮ್ಮಣ್ಣ ಅಲ್ವೇನೇ?”

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅನುಮಾನ ಮಾತ್ರ ಬಂದಿತ್ತು. ಇಷ್ಟು ಇಷ್ಟವಾಗುವ ಮನುಷ್ಯ ಯಾರಿರಬಹುದು ಎಂದು ಹೊರಗಿನವರಿಂದ ಕೇಳಿ ತಿಳಿದುಕೊಳ್ಳುವ ಸ್ಥಿತಿ ಅವಳದು. ಅಲ್ಲ ಅತ್ತಿಗೆ, ನಮ್ಮ ತಾತ, ಅನ್ನಬೇಕಿತ್ತು ನಾನು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮನೆ ಉಳಿಯುತ್ತಿತ್ತು, ನೀಲಿ ಗಾಜು, ಗಾರೆನೆಲ ಎಲ್ಲ ಉಳಿಯುತ್ತಿದ್ದವು, ಅವಳೂ ಹಾಡು ಗುನುಗಿಕೊಂಡು ನೆಮ್ಮದಿಯಾಗಿ ಇರುತ್ತಿದ್ದಳು. ಅಣ್ಣನನ್ನು ನೆನೆಯುವವಳು ಮಾತ್ರ ನಾನೊಬ್ಬಳೇ ಇರುತ್ತಿದ್ದೆ, ಸಾಯುವವರೆಗೂ. ಆ ಕ್ಷಣ ನನಗೆ ಅದು ಸಾಕಾಗಿ ಹೋಗಿತ್ತು. ಅವಳ ಮುಖದಲ್ಲಿದ್ದ ಆಸೆಯನ್ನು ನೋಡಿ ಸುಳ್ಳು ಹೇಳಲೂ ಆಗಲಿಲ್ಲ. ಎರಡರಲ್ಲಿ ಯಾವುದು ನನ್ನ ಬಾಯಿ ತೆರೆಸಿತೋ ಈಗಲೂ ಹೇಳಲಾರೆ.

“ಹೌದು ಅತ್ತಿಗೆ, ಅಣ್ಣಾನೇ. ನೀವು ಜಗಲಿಗೆ ಬರ್ಲಿ ಅಂತ ಹೊಡೀತಿದ್ದ.”

ಪದ್ಮರಾಜಯ್ಯನವರು ಪೆನ್ನು ಕೆಳಗಿಟ್ಟು, ಇನ್ನೂ ಬರೆದಿಲ್ಲ, ನಿಧಾನವಾಗಿ ಯೋಚಿಸಿ ಅಂದರು. ಮೂಲೆಮನೆಯ ಪೋಸ್ಟ್‌ಮಾಸ್ಟರ ಪಾಡನ್ನು ಲಿಲ್ಲಿಬಾಯಿ ಮೆಲ್ಲಗೆ ನೆನಪಿಸಿದರು. ಆ ಮುದುಕರನ್ನು ಆಸ್ಪತ್ರೆಯಲ್ಲಿ ನೋಡಿಕೊಂಡವರು ಲಿಲ್ಲಿಬಾಯಿಯೇ. ಈ ವಯಸ್ಸಿನಲ್ಲಿ ಅಷ್ಟೂ ಒಟ್ಟಿಗೇ ಬಂದರೆ ತಡೆಯುವುದು ಕಷ್ಟ ಎಂದರು. ನಾನೂ ಹೆದರಿ, ಆಗ ನೀವು ಹೇಗಿದ್ದಿರಿ ಎಂದು ನಿಮಗೆ ನೆನಪಿಲ್ಲ, ನಾನು ನೋಡಿದ್ದೇನೆ, ನೀರು ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಬೇಡಿಕೊಂಡೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಳು. ಎದ್ದು ಹೋಗಿ ಗೋಡೆಯ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಂತಳು. ಅವಳಿಗೆ ಅಲ್ಲಿ ಇಟ್ಟಿಗೆ ಬಿಟ್ಟರೆ ಬೇರೇನೂ ಸಿಕ್ಕಲಿಲ್ಲ.

“ಇದು ನಂದು,” ಅಂದಳು. “ದಾರೀಲಿ ಹೋಗೋರಿಗೆಲ್ಲ ಸಿಗ್ತಾರೆ, ನಂಗೊಬ್ಬಳಿಗೆ ಸಿಗಲ್ಲ ಅಂದ್ರೆ ಹೇಗೆ? ನಂಗೆ ಬೇಕು.”

ಪದ್ಮರಾಜಯ್ಯನವರು ಬರೆದುಕೊಂಡರು. ಹೋಗುವಾಗ ಕಮಾನಿನ ಮೇಲೆ ಮತ್ತೊಮ್ಮೆ ಕೈಯಾಡಿಸಿದರು. ಸೀಬೆಹಣ್ಣು ಬುಟ್ಟಿಯಲ್ಲೇ ಉಳಿಯಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ, ಅತ್ತಿಗೆಯೊಂದಿಗೆ ಮಾತೂ ಆಡಲಿಲ್ಲ. ಅವಳು ನನ್ನ ಪಾಲಿನ ಮನೆಯನ್ನೂ ಕೇಳದೆ ಕೊಟ್ಟುಬಿಟ್ಟಳಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ದಾರಿ ತೋರಿಸಿದವಳು ನಾನೇ ಅನ್ನುವುದು ಗೊತ್ತಿದ್ದೇ ಉರಿಯುತ್ತಿತ್ತು. ನಾಲ್ಕು ದಿನ ಹೋದ ಮೇಲೆ ಪಾತ್ರೆ ಕಟ್ಟುವಾಗ, ಯಾವುದು ಮೇಲೆ ಯಾವುದು ಕೆಳಗೆ ಎಂದು ಮಾತು ತಾನಾಗಿ ಶುರುವಾಯಿತು.

ಮನೆ ಕೆಡವುವ ದಿನ ಊರು ಬಿಟ್ಟು ಎಲ್ಲಾದರೂ ಹೋಗಿ ಎಂದು ಕೆಲವರು ಹೇಳಿದರು. ಅತ್ತಿಗೆ ಒಪ್ಪಲಿಲ್ಲ. ಮದುವೆಮನೆಗೆ ಹೊರಟವಳ ಹಾಗೆ ತಲೆ ಬಾಚಿ ಒಗೆದ ಸೀರೆ ಉಟ್ಟು ಎದುರುಗಡೆಯ ಮೋರಿಕಟ್ಟೆಯ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತೆ. ಕೆಲಸದವರು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಮೊದಲು ತಾರಸಿ ಇಳಿಯಿತು, ಕಿಟಕಿಗಳನ್ನು ಕಿತ್ತರು, ಕಮಾನುಗಳು ಒಂದರ ಮೇಲೊಂದು ಕುಸಿದವು. ಇಟ್ಟಿಗೆ ಹೆಚ್ಚು ಪುಡಿಯಾಗಲಿಲ್ಲ, ಇಡಿಯಾಗಿಯೇ ಬಿಡಿಸಿಕೊಂಡು ಬಂತು. ಎಂಥಾ ಗಾರೆ, ಎಂಥಾ ಇಟ್ಟಿಗೆ ಎಂದು ಕೆಲಸದವರೇ ಮರುಗಿದರು. ನೋಡಲಾಗದೆ ನಾನು ಮುಖ ತಿರುಗಿಸಿಕೊಂಡೆ.

ಊಟದ ಮನೆಯ ಗೋಡೆ ಬಿದ್ದದ್ದು ಮಧ್ಯಾಹ್ನ. ಕೆಂಪು ಧೂಳು ಎದ್ದು ಬೀದಿಯ ತುದಿಯವರೆಗೂ ಹೋಯಿತು. ಎದುರಿನ ಅಂಗಡಿಯವನು ತಕ್ಕಡಿ ಬಿಟ್ಟು ಎದ್ದುನಿಂತು, ಇಲ್ಲೆಲ್ಲೋ ಒಂದು ಬಾವಿ ಇತ್ತಲ್ಲ ಎಂದು ಯಾರನ್ನೋ ಕೇಳಿದ. ಸೈಕಲ್ಲಿನವರು ಇಳಿದು ನಿಂತರು. ಸ್ಕೂಲಿನಿಂದ ಬರುತ್ತಿದ್ದ ಹೆಣ್ಣುಮಕ್ಕಳು ಸೀಬೆಹಣ್ಣು ಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ನನ್ನ ಎದೆಯಲ್ಲಿ ಏನೋ ಎಳೆಯಿತು. ತಣ್ಣನೆಯ ಕಲ್ಲಿನ ಮೆಟ್ಟಿಲು, ಪಾಚಿಯ ವಾಸನೆ, ನೀರಿಗೆ ಬಿದ್ದ ಎಲೆಯ ನೆರಳು. ಇಳಿಯಬೇಕು, ಪಾದ ಮುಳುಗುವಷ್ಟು ಇಳಿಯಬೇಕು. ಮನೆ ಬಿದ್ದ ಮೇಲೆ ನಾನೂ ಹೊರಗಿನವಳೇ ಆಗಿದ್ದೆ. ನಮ್ಮಜ್ಜಿ ಎಷ್ಟು ಸಣ್ಣವಳಿದ್ದಳು, ಎಷ್ಟು ಒಂಟಿಯಾಗಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಧೂಳು ಅಡಗುತ್ತಾ ಬಂದ ಹಾಗೆ ಅದೂ ಹೋಯಿತು. ಇನ್ನು ಯಾರಿಗೂ ಅದು ಬರುವುದಿಲ್ಲ.

ತಿರುಗಿ ನೋಡಿದರೆ ಅತ್ತಿಗೆ ಕಟ್ಟೆಯ ಮೇಲೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಾಗಿದ್ದಳು. ಬಾಯಿಂದ ಬರುತ್ತಿದ್ದದ್ದು ಅಳುವೂ ಅಲ್ಲ, ಮಾತೂ ಅಲ್ಲ. ಓಡಿಹೋಗಿ ತಬ್ಬಿಕೊಂಡೆ. ಇಷ್ಟು ವರ್ಷ ಬೆಣ್ಣೆಯ ಹಾಗಿದ್ದ ಮೈ ಬಿಲ್ಲಿನಂತೆ ಬಿಗಿದಿತ್ತು. ನಾನೇಕೆ ಬಾಯಿಬಿಟ್ಟೆ, ತಾತ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ನನ್ನನ್ನು ನಾನೇ ಶಪಿಸಿಕೊಂಡೆ. ಬಹಳ ಹೊತ್ತಿನ ಮೇಲೆ ಅವಳ ಉಸಿರು ಒಂದು ಹದಕ್ಕೆ ಬಂತು. ಮುಖ ಎತ್ತಿದಳು. ಕಣ್ಣು, ಮೂಗು, ಕೂದಲು ಎಲ್ಲ ಕೆಂಪು ಧೂಳು. ಆ ಮುಖವನ್ನು ನಾನು ಅಣ್ಣನಿದ್ದಾಗ ನೋಡಿದ್ದೆ, ಆಮೇಲೆ ನೋಡಿರಲಿಲ್ಲ. ಗೇಟು ಇದ್ದ ಜಾಗವನ್ನೇ ನೋಡುತ್ತಾ, ಲಿಲ್ಲಿಬಾಯಿಗೂ ಗೊತ್ತಿರದ, ನನಗೂ ಗೊತ್ತಿರದ ಮಾತೊಂದನ್ನು ಹೇಳಿದಳು.

“ಬೆಲ್ ನಂಗೆ ಮೊದಲ್ನೇ ಸಲಾನೇ ಕೇಳಿಸ್ತಿತ್ತು ಕಣೇ. ಬೇಕಂತ್ಲೇ ತಡ ಮಾಡ್ತಿದ್ದೆ, ಇನ್ನೊಂದ್ಸಲ ಹೊಡೀಲಿ ಅಂತ.”

ಅಷ್ಟು ಹೇಳಿ ಬಿಕ್ಕಿಬಿಕ್ಕಿ ಅತ್ತಳು. ನಾನೂ ಅತ್ತೆ. ನನ್ನದು ಅಣ್ಣನಿಗೋ ಮನೆಗೋ ನನಗೇ ತಿಳಿಯಲಿಲ್ಲ. ಒರಗಿಕೊಳ್ಳಲು ಅಲ್ಲಿ ಯಾವ ಗೋಡೆಯೂ ಇರಲಿಲ್ಲ.